ಭದ್ರಾವತಿಯ ಹುಲ್ಲಿಗೆ ತೂತು ಕೊರೆದದ್ದು

ನಮ್ಮೂರಿನ ವಾಚನಾಲಯದ ಗೆಳೆಯರೇ, ಇಲ್ಲಿ ಹುಲ್ಲನ್ನು ಸಾಕುತ್ತಾರೆ. ದನಗಳಿಗಲ್ಲ, ನೋಡುವುದಕ್ಕೆ. ಭದ್ರಾವತಿಗೆ ಬಂದ ದಿನ ಕಾರ್ಖಾನೆಯ ಸೂಪರಿಂಟೆಂಡೆಂಟರ ಬಂಗಲೆಯ ಮುಂದೆ ನಿಂತು, ‘ಇದನ್ನು ಯಾವಾಗ ಕೊಯ್ಯುತ್ತೀರಿ?’ ಎಂದು ಕೇಳಿದೆ. ಎಲ್ಲರೂ ನಕ್ಕರು. ಇದಕ್ಕೆ ಲಾನು ಎನ್ನುತ್ತಾರೆ. ಅದನ್ನು ನೋಡಿಕೊಳ್ಳುವುದೇ ನನ್ನ ಕೆಲಸ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಕಾವೇರಿ ಬಯಲಿನವನಿಗೆ ಮಣ್ಣಿನ ಕೆಲಸ ಹೇಳಿಕೊಡಬೇಕೆ ಎಂಬ ಜಂಬ ನನಗಿತ್ತು. ಮೇ ತಿಂಗಳಲ್ಲಿ ಹುಲ್ಲು ಸೊರಗಿದಾಗ ಗದ್ದೆಗೆ ಮಾಡುವಂತೆಯೇ ಮಾಡಿದೆ: ಮೂರು ದಿನ ನೀರು ನಿಲ್ಲಿಸಿ ಆಳುಗಳಿಂದ ತುಳಿಸಿದೆ. ನಮ್ಮಲ್ಲಿ ತುಳಿದ ಕೆಸರಿನ ಮೇಲೆ ನೀರು ನಿಂತರೆ ಸಮಾಧಾನ. ಇಲ್ಲಿ ಆ ಜಿಗುಟು ಮಣ್ಣು ಒಣಗಿ ಹೆಂಚಿನಂತಾಯಿತು, ಹುಲ್ಲು ಹಳದಿಯಾಯಿತು.

ಸೂಪರಿಂಟೆಂಡೆಂಟರು ಈ ಸಲ ನಗಲಿಲ್ಲ. “ಜೂನ್ ಕೊನೆಯೊಳಗೆ ಹಸಿರಾಗ್ಬೇಕು ಕಣಯ್ಯ. ಇಲ್ಲದಿದ್ರೆ ಗಂಟುಮೂಟೆ ಕಟ್ಟು.”

ವಠಾರದಲ್ಲಿ ಒಂದು ಗೋಡೆಯಾಚೆ ತಮಿಳು, ಇನ್ನೊಂದರಾಚೆ ತೆಲುಗು. ಕಷ್ಟ ಹೇಳಿಕೊಳ್ಳಲು ದಿನಚರಿ ಒಂದೇ.

ಜೂನ್ ೩. ಶಿವಮೊಗ್ಗದ ಪೇಟೆಯಿಂದ ತಂದ ಫೋರ್ಕು, ಅಂದರೆ ನಾಲ್ಕು ಹಲ್ಲಿನ ಸಲಕರಣೆ. ನೀರು ಕೆಳಗಿಳಿಯಲೆಂದು ಅದರಿಂದ ಚುಚ್ಚಿದ್ದು ೬೪೦ ತೂತು.
ಜೂನ್ ೪. ೭೧೨ ತೂತು. ಸುರಿದ ನೀರು ತೂತಿನಲ್ಲೇ ನಿಂತಿದೆ.

ಕಳೆ ಕೀಳುವ ಮುನಿಯಮ್ಮ ಸೇಲಂ ಕಡೆಯವಳು. ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು.

“ಚುಚ್ಚಿದ್ರೆ ಮಣ್ಣು ಎಲ್ಲಿಗೆ ಹೋಗ್ತೈತೆ ಸಾಮಿ? ಪಕ್ಕಕ್ಕೆ ಒತ್ಕೊಂಡು ಇನ್ನೂ ಗಟ್ಟಿಯಾಗ್ತೈತೆ. ಸಂತೇಲಿ ಅಕ್ಕಿ ಮೂಟೆಗೆ ಕೊಳವೆ ಚುಚ್ಚಿ ಅಕ್ಕಿ ತೆಗೀತಾರಲ್ಲ? ಹಂಗೆ ಈಚೆಗೆ ತೆಗೀಬೇಕು. ಹಿಂದಿನ ಮಾಲಿ ಹಂಗೇ ಮಾಡ್ತಿದ್ದ.”

“ಮೊದಲೇ ಹೇಳ್ಬಾರದಿತ್ತಾ?”

“ನೀವು ಕೇಳಿದ್ರಾ? ಬಂದ ದಿನಾನೇ ಎಲ್ಲಾ ಗೊತ್ತು ಅಂದ್ರಿ. ಭತ್ತ ನೆಡ್ತೀರೇನೋ ಅಂತ ನಾನು ಸುಮ್ನಿದ್ದೆ!”

ಗೇಣುದ್ದದ ಕಬ್ಬಿಣದ ಕೊಳವೆಯ ತುದಿಯನ್ನು ಅರದಿಂದ ಹರಿತಗೊಳಿಸಿ, ಮೇಲೆ ಉದ್ದನೆಯ ಹಿಡಿ ಹಾಕಿಸಿದೆವು. ಹಿಂದಿನ ಸಂಜೆ ನೆಲವನ್ನು ಹದವಾಗಿ ನೆನೆಸಬೇಕು. ಒತ್ತಿ, ತಿರುಗಿಸಿ, ಎತ್ತಿದರೆ ಬೆರಳಿನ ಗಾತ್ರದ ಮಣ್ಣು ಈಚೆ ಬರುತ್ತದೆ. ಆ ತೂತಿಗೆ ಭದ್ರೆಯ ಮರಳನ್ನು ಗುಡಿಸಿ ತುಂಬಬೇಕು. ಇಬ್ಬರೂ ಸೇರಿ ದಿನಕ್ಕೆ ೪೩೦ರ ಮೇಲೆ ಹೋಗಲಿಲ್ಲ.

ಜೂನ್ ೧೯. ಅರ್ಧವೂ ಮುಗಿದಿಲ್ಲ. ಅಂಗೈಯಲ್ಲಿ ಐದು ಬೊಬ್ಬೆ. ಮುನಿಯಮ್ಮನಿಗೆ ಮೂರು.
ಜೂನ್ ೨೭. ಕೊರೆದ ಭಾಗದಲ್ಲಿ ಮಳೆನೀರು ನಿಲ್ಲಲಿಲ್ಲ. ಬುಡದಲ್ಲಿ ಹಸಿರು. ನಂಬಿಕೆ ಬರದೆ ನಾಲ್ಕು ಸಲ ಹೋಗಿ ನೋಡಿದೆ.

ಮೂವತ್ತರಂದು ಸೂಪರಿಂಟೆಂಡೆಂಟರು ಬೂಟಿನ ತುದಿಯಿಂದ ನೆಲ ಒತ್ತಿ ನೋಡಿದರು. “ಪರವಾಗಿಲ್ಲ. ನಿನ್ನ ಕೆಲಸ ಕಾಯಂ. ನಾಳೆಯಿಂದ ಕ್ಲಬ್ಬಿನ ಲಾನು ಹಿಡಿ. ಆಗಸ್ಟ್ ಮುಗಿಯೋವರೆಗೆ ರಜ ಕೇಳ್ಬೇಡ.”

ನಾಟಿಗೆ ಬರುತ್ತೇನೆಂದು ಅಣ್ಣನಿಗೆ ಮಾತು ಕೊಟ್ಟಿದ್ದೆ. ಆಗದು ಎಂದು ಬರೆದು ಕಾಗದವನ್ನು ಟಪಾಲಿಗೆ ಹಾಕಿದೆ. ದುಃಖವಾಗುತ್ತದೆ ಎಂದುಕೊಂಡಿದ್ದೆ, ಆದರೆ ಕ್ಲಬ್ಬಿಗೆ ಎಷ್ಟು ತೂತು ಬೇಕಾದೀತು ಎಂದು ಲೆಕ್ಕ ಹಾಕುತ್ತ ನಡೆದುಬಿಟ್ಟಿದ್ದೆ. ಅದು ಅರಿವಾದಾಗ ದಾರಿಯಲ್ಲೇ ನಿಂತೆ. ನನ್ನ ನೇಗಿಲನ್ನು ಈ ವರ್ಷ ಯಾರು ಹಿಡಿದಿದ್ದಾರೆ? ಅಣ್ಣನಿಗೆ ಬರೆಯಲು ಬಾರದು. ನಿಮ್ಮಲ್ಲಿ ಯಾರಾದರೂ ತಿಳಿಸಿ.