ಪ್ಲಗ್ಗಿನ ಕಾಫಿ ಬಣ್ಣ

ಇವತ್ತು ಬೆಳಿಗ್ಗೆ ಅಪ್ಪ ಕಾಫಿ ಲೋಟವನ್ನು ಕಿಟಕಿಯ ಬೆಳಕಿಗೆ ಓರೆಮಾಡಿ ಬಣ್ಣ ನೋಡಿದರು. ನನಗೆ ಚಿಕ್ಕಂದಿನ ಇಲವಾಲದ ದಾರಿ ನೆನಪಾಯಿತು.

ಅಪ್ಪ ಬೈಕಿಗೆ ಹೊಸ ಸೈಲೆನ್ಸರ್, ಗಾಳಿ ಹೆಚ್ಚು ಎಳೆಯುವ ಫಿಲ್ಟರ್ ಹಾಕಿಸಿದ್ದರು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಹದಕ್ಕೆ ಬರಲಿಲ್ಲ, ಅಪ್ಪನೂ ಕೂತಲ್ಲಿ ಕೂರಲಿಲ್ಲ. ಅತ್ತೆಯ ಮಗುವಿನ ನಾಮಕರಣಕ್ಕೆ ಇಲವಾಲಕ್ಕೆ ಹೊರಟ ದಿನವೂ ಹುಣಸೂರು ರಸ್ತೆಯಲ್ಲಿ ಮತ್ತೆ ಮತ್ತೆ ನಿಲ್ಲಿಸಿ, ಕಾರ್ಬುರೇಟರಿನ ಸೂಜಿ ಸರಿಸುವುದು, ಸ್ವಲ್ಪ ದೂರ ಓಡಿಸುವುದು, ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುವುದು.

“ಇನ್ನೂ ಬೆಳ್ಳಗಿದೆ ಕಣೇ. ಪೆಟ್ರೋಲ್ ಒಂಚೂರು ಸಾಲ್ದು. ಹದ ಸರಿಯಾದ್ರೆ ಕಾಫಿ ಬಣ್ಣ ಬರ್ಬೇಕು.”

ರೇಷ್ಮೆ ಸೀರೆಯಲ್ಲಿ ಬಿಸಿಲಿಗೆ ನಿಂತಿದ್ದ ಅಮ್ಮ, “ನೀವೂ ನಿಮ್ ಕಾಫೀನೂ!” ಎಂದು ನನ್ನ ಕೈಹಿಡಿದು, ಎದುರಿಗೆ ಬಂದು ನಿಂತ ಇಲವಾಲದ ಬಸ್ಸು ಹತ್ತಿಬಿಟ್ಟರು.

ಮುಂದಿನ ಸ್ಟಾಪಿಗೆ ಅಪ್ಪ ನಮಗಿಂತ ಮೊದಲೇ ಬಂದಿದ್ದರು. ಆಗಷ್ಟೇ ಬಿಚ್ಚಿದ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಸ್ಸಿನ ಕಿಟಕಿಗೆ ಚಾಚಿ ಕೂಗಿದರು: “ಬಂದ್ಬುಡ್ತು ಕಣೇ! ನೋಡು, ನಿನ್ ಕಾಫಿ ಥರಾನೇ!”

ಬಸ್ಸಿಗೆ ಬಸ್ಸೇ ನಕ್ಕಿತು. ಅಮ್ಮ ಮುಖ ತಿರುಗಿಸಿದರು. ಬಸ್ಸು ಹೊರಟಿತು, ಪ್ಲಗ್ ಅಪ್ಪನ ಕೈಯಲ್ಲಿ, ಬೈಕು ಅಲ್ಲೇ.

“ಬಣ್ಣ ಸರಿ ಇದ್ಯೇನ್ರೀ?” ಇವತ್ತು ಅಮ್ಮನೇ ಕೇಳಿದರು.

“ಡಿಕಾಕ್ಷನ್ ಒಂಚೂರು ಸಾಲ್ದು ಕಣೇ.”

ಅಮ್ಮ ಎದ್ದು, ಬಸ್ಸು ಹಿಡಿಯಲು ಹೊರಟವರಂತೆ ಚಪ್ಪಲಿ ಮೆಟ್ಟಿಕೊಂಡರು.