ಪೂಜೆಗೆ ಮೀಸಲಿಟ್ಟ ಮುಕ್ಕಾಲು ಗಂಟೆ

2000ನೇ ಇಸವಿಯ ಜೂನ್, ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆ. ಖಾನಾಪುರದ ಪ್ರವಾಸಿ ಮಂದಿರದಲ್ಲಿ ಇದ್ದವರು ಬೆಳಗಾವಿಯಿಂದ ಬಂದಿದ್ದ ವೃದ್ಧ ಸಚಿವರು, ಜೀಪಿನ ಚಾಲಕ, ಮತ್ತು ಪ್ರವಾಸದ ವೇಳಾಪಟ್ಟಿ ಬರೆದಿದ್ದ ತಾಲ್ಲೂಕು ಕಚೇರಿಯ ನಾನು. ಲಿಂಗಪೂಜೆ ಮುಗಿಸಿ ಹೊರಬಂದ ಸಚಿವರು ಖಾಲಿ ಬೆಂಚನ್ನು ನೋಡಿದರು.

"ಯಾರೂ ಬಂದಿಲ್ಲೇನ್ರಿ?"

"ಕಾಡಂಚಿನ ಹಳ್ಳಿಯಿಂದ ಒಬ್ಬಾಕಿ ಮುದುಕಿ ಬಂದಿದ್ದಳ್ರಿ. ಊರ ಸಾಲಿಗೆ ಮಾಸ್ತರಿಲ್ಲಂತ. ಸಾಹೇಬ್ರ ಪೂಜಾ ನಡದೈತಿ, ಕುಂದರು ಅಂದೆ. ಇರೂದ ಒಂದ ಬಸ್ಸು ಅಂತ ಹೋಗಿಬಿಟ್ಟಳು," ಎಂದೆ ನಾನು.

ನನ್ನ ಪಟ್ಟಿಯಲ್ಲಿ ಏಳೂ ಮುಕ್ಕಾಲರಿಂದ ಎಂಟೂವರೆಯವರೆಗೆ 'ಪೂಜೆ' ಎಂದಿತ್ತು. ಅದನ್ನು ತೋರಿಸಿದೆ. ಅವರು ಗದರಲಿಲ್ಲ. ದಣಿದು ಬೆಂಚಿನ ಮೇಲೆ ಕುಳಿತರು.

"ಲಿಂಗ ನನ್ನ ಎದಿ ಮ್ಯಾಲ ಐತ್ರಿ, ಸರ್ಕಾರದ ಎದಿ ಮ್ಯಾಲಲ್ಲ. ನಾ ತಡಾ ಮಾಡಿ ಎದ್ದರ ಆಕಿ ಯಾಕ ಕಾಯಬೇಕು?"

"ಮೂವತ್ತು ವರ್ಷ ಎಲ್ಲಾ ಸಾಹೇಬ್ರಿಗೂ ಹಿಂಗ ಬರಕೊಟ್ಟೀನ್ರಿ."

"ಒಬ್ಬರೂ ಬ್ಯಾಡ ಅನಲಿಲ್ಲ. ಅದು ನಮ್ಮ ತಪ್ಪು. ನಡೀರಿ, ಆಕಿ ಊರಿಗೆ ಹೋಗೂಣು."

ಜೀಪು ಮುಚ್ಚಿದ ಶಾಲೆಯ ಮುಂದೆ ನಿಂತಾಗ ಆ ಅಜ್ಜಿ ನನ್ನನ್ನು ಗುರುತಿಸಿದರು. "ಮುಗೀತೇನ್ರಿ ಪೂಜಾ?" ಎಂದು ಕೇಳಿದ್ದು ನನ್ನನ್ನೇ. ಶಿಕ್ಷಕರನ್ನು ಕಳಿಸುವ ಆದೇಶವನ್ನು ಸಚಿವರು ಹೇಳಿದರು, ನಾನು ಬರೆದೆ, ಅವರು ಸಹಿ ಹಾಕಿದರು.

ಗಡಿಯಾರ ತಪ್ಪದೆ ನಡೆದವನು ನಾನು. ಯಾರ ಹೊತ್ತನ್ನು ಕಾಯುತ್ತಿದ್ದೇನೆಂದು ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ. ಸಂಜೆ ಆದೇಶವನ್ನು ಶಿಕ್ಷಣ ಕಚೇರಿಗೆ ಕೈಯಾರೆ ಕೊಟ್ಟು, ತಲುಪಿದ್ದಕ್ಕೆ ಸಹಿ ಪಡೆದು ಮನೆಗೆ ಹೋದೆ.