ಅಳಿಯಂದಿರು ಹೂವಿಗೆ ಹೋದ ಬೆಳಿಗ್ಗೆ

ಆ ಶನಿವಾರ ಬೆಳಿಗ್ಗೆ ಎಂದಿನಂತೆ ಡಿಕಾಕ್ಷನ್ ಇಳಿಯಲು ಬಿಟ್ಟು, ದೇವರ ಪಾತ್ರೆ ತೊಳೆದು, ಹೊಸಿಲಿಗೆ ಎರಡೆಳೆ ರಂಗೋಲಿ ಇಟ್ಟೆ. ಹೂ ಮಾತ್ರ ಇರಲಿಲ್ಲ. ನನಗೆ ಮಂಡಿನೋವು, ಮಗಳು ಇನ್ನೂ ಎದ್ದಿರಲಿಲ್ಲ. ಹಿಂದಿನ ದಿನ ಅವಳ ಜೊತೆ ಡರ್ಹಮ್‌ನಿಂದ ಬಂದಿದ್ದ ಅಳಿಯಂದಿರು ಆಗಲೇ ಎದ್ದು, ಏನಾದರೂ ಕೆಲಸ ಕೊಡಿ ಎಂಬಂತೆ ಅಡುಗೆಮನೆಯಲ್ಲಿ ನಿಂತಿದ್ದರು. ಅವರ ಕೈಗೆ ಹೂಬುಟ್ಟಿ ಕೊಟ್ಟೆ.

"ಎರಡು ಮನೆ ಆಚೆ, ಮೈಸೂರಿನವರು. ಮುಂದೆ ಕೆಂಪು ದಾಸವಾಳ ಇದೆ. ಐದು ಹೂ ಸಾಕು."

ಅವರು ಬುಟ್ಟಿಯನ್ನು ತಿರುಗಿಸಿ ನೋಡಿದರು. "ಅವರು ಎದ್ದಿದಾರಾ, ಅಮ್ಮಾ? ಬೆಲ್ ಮಾಡಿ ಕೇಳ್ಲಾ?" ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ, 'ಅಮ್ಮಾ' ಒಂದೇ ಅವರ ಕನ್ನಡ.

"ಛೇ, ಬೇಡ. ಶನಿವಾರ ಪಾಪ ಲೇಟಾಗಿ ಏಳ್ತಾರೆ. ಬೇಕಾದಾಗ ಕಿತ್ಕೊಳ್ಳಿ ಅಂತ ಅವರೇ ಹೇಳಿದಾರೆ. ನಮ್ಮವರೇ ಅಲ್ವಾ."

ಚಿಕ್ಕಂದಿನಲ್ಲಿ ಊರಿನಲ್ಲಿ, ಅಮೆರಿಕ ಕಾಣುವ ಎಷ್ಟೋ ಮೊದಲು, ಕಾನ್ವೆಂಟಿಗೆ ಹೊರಡುವ ಮುಂಚೆ ಬೀದಿಯ ಎಲ್ಲ ಕಾಂಪೌಂಡುಗಳಿಗೂ ಕೈಹಾಕಿ ಹೂ ಕಿತ್ತವಳು ನಾನು. ದೇವರ ಹೂವಿಗೆ ಯಾರೂ ಏನೂ ಅಂದವರಲ್ಲ.

ಇಪ್ಪತ್ತು ನಿಮಿಷವಾದರೂ ಅವರು ಬರಲಿಲ್ಲ. ಕಿಟಕಿಯಿಂದ ಇಣುಕಿದೆ. ಗಿಡದ ಹತ್ತಿರವೂ ಹೋಗದೆ, ಬುಟ್ಟಿಯನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಹಿಡಿದು ಸೈಡ್‌ವಾಕಿನಲ್ಲಿ ನಿಂತಿದ್ದರು. ಕೊನೆಗೆ ಖಾಲಿ ಬುಟ್ಟಿಯೊಂದಿಗೇ ವಾಪಸಾದರು.

"ಸಾರಿ ಅಮ್ಮಾ. ಯಾರಾದ್ರೂ ಹೊರಗೆ ಬಂದ್ರೆ ಕೇಳೋಣ ಅಂತ ಕಾದೆ."

ಐದು ಹೂವಿಗೆ ಇಷ್ಟು ಸಂಕೋಚವೇ ಎಂದು ನನಗೆ ಸ್ವಲ್ಪ ಸಿಟ್ಟೇ ಬಂತು. ಕಾಫಿ ಕೊಡುತ್ತಾ ಹಾಗೆಯೇ ಕೇಳಿಬಿಟ್ಟೆ.

ಅವರು ಬೆಳೆದದ್ದು ಒಹಾಯೋದ ಒಂದು ಸಣ್ಣ ಊರಿನಲ್ಲಿ. ಆ ಬೀದಿಗೆ ಕಪ್ಪು ಜನರ ಮನೆ ಅವರದೊಂದೇ. ಚೆಂಡು ಪಕ್ಕದ ಹಿತ್ತಲಿಗೆ ಬಿದ್ದರೆ ಉಳಿದ ಹುಡುಗರು ಬೇಲಿ ಹಾರುತ್ತಿದ್ದರು. ಇವರಿಗೆ ತಾಯಿ ಕಲಿಸಿದ್ದೇ ಬೇರೆ: ಮುಂಬಾಗಿಲಿಗೆ ಹೋಗು, ಬೆಲ್ ಒತ್ತು, ಮೆಟ್ಟಿಲಿಳಿದು ಕಿಟಕಿಗೆ ಕಾಣುವಂತೆ ನಿಲ್ಲು, ಕೈ ಜೇಬಿನಲ್ಲಿರಬಾರದು. ಯಾರೂ ಬಾಗಿಲು ತೆಗೆಯದಿದ್ದರೆ ಚೆಂಡು ಬಿಟ್ಟು ಬಾ. ಒಂಬತ್ತು ವರ್ಷವಿದ್ದಾಗ, ಹುಟ್ಟುಹಬ್ಬದ ಹೊಸ ಚೆಂಡೆಂದು ಒಮ್ಮೆ ಬೇಲಿ ಹಾರಿದರಂತೆ. ಹೊರಬರುವಷ್ಟರಲ್ಲಿ ಪೊಲೀಸ್ ಕಾರು ನಿಂತಿತ್ತು. ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು ಎಲ್ಲರ ಕ್ಷಮೆ ಕೇಳಿದ್ದರು.

"ಪಕ್ಕದ ಮನೆಯೇ ಅದು, ಅಮ್ಮಾ. ಅವರ ನಾಯಿ ನನ್ನ ನೋಡಿ ಬಾಲ ಅಲ್ಲಾಡಿಸ್ತಿತ್ತು."

ನಮ್ಮ ಮನೆಗೆ ಬಂದಾಗಲೂ, ನಾನು ಬಾಗಿಲು ತೆರೆದರೆ ಇವರು ಮೆಟ್ಟಿಲ ಕೆಳಗೇ ಇರುತ್ತಿದ್ದರು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಂಥವರು ಯಾರೋ ಶಿಸ್ತು ಕಲಿಸಿದ್ದಾರೆಂದು ಮೆಚ್ಚಿಕೊಂಡಿದ್ದೆ.

"ಆದ್ರೆ ಇವರು ನಮ್ಮವರು," ಎಂದೆ ಮತ್ತೆ. ಅವರು ನಕ್ಕು, ಕಾಫಿ ಲೋಟ ತೊಳೆಯಲು ಎದ್ದರು.

ನಮ್ಮವರಿಗೆ ಇವರು ಯಾರೆಂದು ನಾನು ತಿಳಿಸಿದ್ದೆನೇ? ಕೋವಿಡ್ ಕಾಲದ ಮದುವೆ, ಹತ್ತೇ ಜನ. ಕೇಳಿದವರಿಗೆಲ್ಲ "ಅಳಿಯ ಡಾಕ್ಟರು" ಎಂದು ಮಾತು ಮುಗಿಸುತ್ತಿದ್ದೆ. ಫೋನಿನಲ್ಲಿ ಫೋಟೋ ಇತ್ತು, ತೋರಿಸಿರಲಿಲ್ಲ.

ಸಂಜೆ ಮೈಸೂರಿನವರೇ ಒಂದು ಹಿಡಿ ದಾಸವಾಳದ ಮೊಗ್ಗು ತಂದರು. ಒಳಗೆ ಅಳಿಯಂದಿರು ಪಾತ್ರೆ ತೊಳೆಯುತ್ತಿದ್ದರು.

"ನಾಳೆಗೆ ಅರಳತ್ವೆ, ನೀರಲ್ಲಿಡಿ. ಅಲ್ಲಾ ರೀ, ಬೆಳಿಗ್ಗೆ ನೋಡಿದ್ರಾ? ಯಾರೋ ಕರಿಯ, ಇಷ್ಟೆತ್ತರ, ಬುಟ್ಟಿ ಹಿಡ್ಕೊಂಡು ನಮ್ಮನೆ ಮುಂದೇನೇ ನಿಂತಿದ್ದ. ಪೊಲೀಸ್‌ಗೆ ಕಾಲ್ ಮಾಡು ಅಂದ್ರು ನಮ್ಮನೆಯವರು."

ಒಳಗೆ ನಲ್ಲಿಯ ಸದ್ದು ನಿಂತಿತು.

"ನಮ್ಮ ಅಳಿಯಂದಿರು ಅವರು," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಅಯ್ಯೋ, ಹೌದಾ! ಮೊದ್ಲೇ ಹೇಳ್ಬಾರ್ದಾ? ಸದ್ಯ, ಗಿಡ ಮುಟ್ಲಿಲ್ಲ ಬಿಡಿ. ಮುಟ್ಟಿದ್ರೆ ಕಾಲ್ ಮಾಡೇಬಿಡ್ತಿದ್ದೆ."